ಜರ್ಮನಿಯಲ್ಲಿ ಮೊದಲ ತಿಂಗಳ ದಿನಸಿ: ಏನನ್ನು, ಎಲ್ಲಿ, ಯಾವ ಕ್ರಮದಲ್ಲಿ ಕೊಳ್ಳಬೇಕು

ಚಳಿಗಾಲದ ಸೆಮಿಸ್ಟರಿಗೆಂದು ಸೆಪ್ಟೆಂಬರ್ ಕೊನೆಯಲ್ಲಿ ಬಂದಿಳಿಯುವ ನಮ್ಮ ಹುಡುಗ ಹುಡುಗಿಯರಿಂದ ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಬರುವ ಫೋನುಗಳಲ್ಲಿ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಚಪಾತಿ ಚರ್ಮದಂತಾಗಿದೆ, ಬೇಳೆ ಒಂದು ಗಂಟೆ ಕುದಿಸಿದರೂ ಬೆಂದಿಲ್ಲ, ಸಾರಿಗೆ ಒಗ್ಗರಣೆ ಹಾಕಿದರೆ ಏನೋ ಬೇರೆ ವಾಸನೆ, ಮೊಸರು ಎಂದು ತಂದದ್ದು ಮೊಸರಲ್ಲ. ಕೈಯಲ್ಲಿ ದುಡ್ಡು ಕರಗಿರುತ್ತದೆ, ಹೊಟ್ಟೆ ಬ್ರೆಡ್ಡು ಮತ್ತು ನೂಡಲ್ಸಿನ ಮೇಲೆ ನಡೆಯುತ್ತಿರುತ್ತದೆ. ಇವರಲ್ಲಿ ಹೆಚ್ಚಿನವರಿಗೆ ಅಡುಗೆ ಬರುತ್ತದೆ, ತಪ್ಪಿರುವುದು ಕ್ರಮ. ಬಂದ ದಿನವೇ ಭಾರತೀಯ ಅಂಗಡಿಯನ್ನು ಹುಡುಕಿಕೊಂಡು ಹೋಗಿ, ಮನೆಯ ಪಕ್ಕದ ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆಗೆ ಸಿಗುವ ಸಾಮಾನನ್ನೂ ಅಲ್ಲಿಯೇ ಕೊಂಡು, ಒಲೆಯ ಗುಣವನ್ನೂ ನೀರಿನ ಗುಣವನ್ನೂ ತಿಳಿಯದೆ ಅಡುಗೆಗೆ ಇಳಿಯುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿದರೆ ಭಾರತೀಯ ಅಂಗಡಿಗೆ ತಿಂಗಳಿಗೊಮ್ಮೆ, ಅದೂ ಏಳೆಂಟು ಸಾಮಾನಿಗಾಗಿ ಮಾತ್ರ, ಹೋದರೆ ಸಾಕಾಗುತ್ತದೆ.

ಹಂತ 1: ಊರಿನಲ್ಲಿ ಪೆಟ್ಟಿಗೆ ಕಟ್ಟುವಾಗ

ಅಕ್ಕಿ ಮತ್ತು ಬೇಳೆಯನ್ನು ಹೊರಬೇಡಿ. ಹತ್ತು ಕಿಲೋ ಸೋನಾ ಮಸೂರಿ ಪೆಟ್ಟಿಗೆಯ ಅರ್ಧ ತೂಕವನ್ನು ತಿನ್ನುತ್ತದೆ, ಆರು ವಾರದಲ್ಲಿ ಮುಗಿಯುತ್ತದೆ, ಆಮೇಲೆ ಇಲ್ಲಿಯ ಅಕ್ಕಿಯೊಡನೆ ಹೇಗೂ ಹೊಂದಿಕೊಳ್ಳಲೇಬೇಕಾಗುತ್ತದೆ. ಬದಲಿಗೆ ಮನೆಯಲ್ಲಿ ಹುರಿದು ಮಾಡಿಸಿದ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಕಾಲು ಕಿಲೋ ಬ್ಯಾಡಗಿ ಮೆಣಸಿನಕಾಯಿ, ಇಂಗು, ಸಣ್ಣ ಕಪ್ಪು ಸಾಸಿವೆ, ಇಷ್ಟನ್ನು ತನ್ನಿ. ಇಂಡಕ್ಷನ್ ತಳವಿರುವ ಮೂರು ಲೀಟರಿನ ಕುಕ್ಕರನ್ನೂ ಅದರ ಗ್ಯಾಸ್ಕೆಟ್ ಎರಡನ್ನೂ ಮರೆಯಬೇಡಿ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಇಲ್ಲಿಯ ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮಿಕ್ಸಿಯನ್ನು ತರುವುದಾದರೆ ವಿದ್ಯುತ್ತಿನ ತೊಂದರೆಯಿಲ್ಲ, ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಬೇಕಾಗುವುದು ಮಿಕ್ಸಿಯ ವ್ಯಾಟನ್ನು ತಡೆಯಬಲ್ಲ ಗಟ್ಟಿ ಅಡಾಪ್ಟರ್. ಫೋನು ಚಾರ್ಜು ಮಾಡುವ ತೆಳ್ಳನೆಯ ಅಡಾಪ್ಟರಿನಲ್ಲಿ ಕಾಯಿ ರುಬ್ಬಲು ಹೊರಟರೆ ಅದು ಕರಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಭಾರತದಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಅಮ್ಮ ಕಾಸಿದ ತುಪ್ಪವೂ ಪೇಡವೂ ಇದರಲ್ಲಿ ಸೇರುತ್ತವೆ. 2019ರ ಡಿಸೆಂಬರ್ 14ರಿಂದ ಹಸಿ ಸೊಪ್ಪು, ತರಕಾರಿ, ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ದುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವನ್ನೂ ವೀಳ್ಯದೆಲೆಯನ್ನೂ ಮನೆಯಲ್ಲಿಯೇ ಬಿಟ್ಟು ಬನ್ನಿ. ಒಣ ಕೊಬ್ಬರಿಯದು ಬೇರೆಯೇ ಕತೆ: ಅದರ ಎಣ್ಣೆಯಂಶದಿಂದ ಬೆಂಕಿ ಹೊತ್ತಬಹುದೆಂದು ವಿಮಾನ ನಿಲ್ದಾಣದಲ್ಲಿಯೇ ತೆಗೆಸುತ್ತಾರೆ.

ಹಂತ 2: ಮೊದಲು ಒಲೆಯನ್ನೂ ನೀರನ್ನೂ ಪರೀಕ್ಷಿಸಿ

ಹಾಸ್ಟೆಲಿನ ಗಾಜಿನ ಒಲೆ ಇಂಡಕ್ಷನ್ನೇ ಆಗಿರಬೇಕೆಂದಿಲ್ಲ. ಒಲೆ ಹೊತ್ತಿಸಿದಾಗ ಗಾಜಿನ ಕೆಳಗೆ ಕೆಂಪಾದ ಸುರುಳಿ ಕಂಡರೆ ಅದು ಸೆರಾನ್ ಒಲೆ; ಅದಕ್ಕೆ ಯಾವ ಚಪ್ಪಟೆ ತಳದ ಪಾತ್ರೆಯೂ ಆಗುತ್ತದೆ. ಆದರೆ ಅದು ನಿಧಾನವಾಗಿ ಕಾಯುತ್ತದೆ, ಇನ್ನೂ ನಿಧಾನವಾಗಿ ಆರುತ್ತದೆ. ಗ್ಯಾಸಿನ ರೂಢಿಯಲ್ಲಿ ಕೊನೆಯ ಕ್ಷಣದಲ್ಲಿ ಗುಂಡಿ ತಿರುಗಿಸಿದರೆ ಒಗ್ಗರಣೆ ಕಪ್ಪಾಗುವುದು ಖಂಡಿತ. ಸಾಸಿವೆ ಸಿಡಿಯಲು ಆರಂಭಿಸಿದ ಕೂಡಲೇ ಪಾತ್ರೆಯನ್ನು ಒಲೆಯಿಂದ ಪಕ್ಕಕ್ಕೆ ಸರಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಇಂಡಕ್ಷನ್ ಆಗಿದ್ದರೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಆ ಪಾತ್ರೆ ಕೆಲಸಕ್ಕೆ ಬರುತ್ತದೆ.

ಬೇಳೆ ಬೇಯದಿರುವುದಕ್ಕೆ ಕಾರಣ ಅನೇಕ ಊರುಗಳಲ್ಲಿ ನೀರು. ಜರ್ಮನಿಯಲ್ಲಿ ನೀರಿನ ಗಡಸುತನವನ್ನು ಜರ್ಮನ್ ಡಿಗ್ರಿಯಲ್ಲಿ ಅಳೆಯುತ್ತಾರೆ, 14ಕ್ಕಿಂತ ಮೇಲಿನದನ್ನು ಗಡಸು ನೀರೆಂದು ಕರೆಯುತ್ತಾರೆ. ಮ್ಯೂನಿಕ್, ಬರ್ಲಿನ್‌ನಂಥ ದೊಡ್ಡ ನಗರಗಳ ನಲ್ಲಿಯಲ್ಲಿ ಬರುವುದು ಅಂಥದ್ದೇ. ನಲ್ಲಿಯ ನೀರು ಕುಡಿಯಲು ನಿಶ್ಚಿಂತೆ, ಬಾಟಲಿ ಹೊರುವ ಅಗತ್ಯವಿಲ್ಲ. ಆದರೆ ಅದರ ಕ್ಯಾಲ್ಸಿಯಂ ಬೇಳೆಕಾಳಿನ ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಕರಗದಂತೆ ಬಿಗಿಗೊಳಿಸುತ್ತದೆ. ಕೆಟಲಿನ ತಳದಲ್ಲಿ ಬಿಳಿಯ ಹಕ್ಕಳೆ, ಚಹಾದ ಮೇಲೆ ಎಣ್ಣೆಯಂಥ ಪೊರೆ ಕಂಡರೆ ನಿಮ್ಮ ನೀರು ಗಡಸೆಂದೇ ತಿಳಿಯಿರಿ. ಪರಿಹಾರ ಸುಲಭವಾಗಿದೆ: ಬೇಳೆಯನ್ನು ಒಂದು ಗಂಟೆ, ಕಡಲೆಕಾಳನ್ನು ರಾತ್ರಿಯಿಡೀ ನೆನೆಸಿ, ಕುಕ್ಕರಿಗೆ ಹಾಕುವಾಗ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ, ಹುಣಸೆಹಣ್ಣು ಮತ್ತು ಟೊಮೆಟೊವನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಿ. ಅಡುಗೆ ಸೋಡಾದ ಹೆಸರು ಇಲ್ಲಿ ನಾಟ್ರೋನ್. ಪಕ್ಕದಲ್ಲಿಯೇ ಇರುವ ಬಾಕ್‌ಪುಲ್‌ವರ್ ಎಂಬುದು ಬೇಕಿಂಗ್ ಪೌಡರ್, ಅದನ್ನು ತಂದರೆ ಪ್ರಯೋಜನವಿಲ್ಲ.

ಹಂತ 3: ಅಂಗಡಿಯ ವೇಳೆ ಮತ್ತು ರೀತಿ

ಭಾನುವಾರ ಸೂಪರ್ ಮಾರ್ಕೆಟ್ಟುಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳಂಥ ಕೆಲವು ಮಾತ್ರ ತೆರೆದಿರುತ್ತವೆ, ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ಅಕ್ಟೋಬರ್ 3 ರಾಷ್ಟ್ರೀಯ ರಜೆ; ಆ ವಾರ ಬಂದಿಳಿಯುವವರು ಹಿಂದಿನ ದಿನವೇ ಅಕ್ಕಿ, ಹಾಲು, ಈರುಳ್ಳಿ ತಂದಿಟ್ಟುಕೊಳ್ಳಬೇಕು. ಬವೇರಿಯಾ ರಾಜ್ಯದಲ್ಲಿ ಅಂಗಡಿಗಳು ರಾತ್ರಿ ಎಂಟಕ್ಕೇ ಬಾಗಿಲು ಹಾಕುತ್ತವೆ.

ಚೀಲ ನಿಮ್ಮದೇ ಇರಲಿ, ತಳ್ಳುಗಾಡಿಗೆ ಸಿಕ್ಕಿಸಲು ಒಂದು ಯೂರೋ ನಾಣ್ಯವಿರಲಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ ಮತ್ತು ಪಾನೀಯದ ಲೋಹದ ಡಬ್ಬಿಗಳ ಮೇಲೆ ತೆಗೆದುಕೊಳ್ಳುವ 25 ಸೆಂಟ್ ಠೇವಣಿಗೆ ಪ್ಫಾಂಟ್ ಎನ್ನುತ್ತಾರೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿ ಅದನ್ನು ವಾಪಸ್ಸು ಪಡೆಯಬಹುದು. ಬಾಟಲಿಯನ್ನು ಜಜ್ಜಿದರೆ ಯಂತ್ರ ತೆಗೆದುಕೊಳ್ಳದೆ ಹೋಗಬಹುದು. ಬೆಲೆಚೀಟಿಯ ಮೂಲೆಯಲ್ಲಿ ಸಣ್ಣದಾಗಿ ಬರೆದಿರುವ ಕಿಲೋ ದರವನ್ನು ನೋಡಿ ಹೋಲಿಸಬೇಕು, ಪೊಟ್ಟಣದ ದರವನ್ನಲ್ಲ.

ಹಂತ 4: ಚೀಟಿಯನ್ನು ಓದಲು ಕಲಿಯಿರಿ

ಸಸ್ಯಾಹಾರಿಗಳು ಈ ಹಂತವನ್ನು ದಾಟಿ ಮುಂದೆ ಹೋಗಬಾರದು. ನಮ್ಮಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ಕೊಳ್ಳುವ ಅಭ್ಯಾಸವಿದೆ. ಇಲ್ಲಿಯೂ ಅನೇಕ ಪೊಟ್ಟಣಗಳ ಮೇಲೆ ದುಂಡಗಿನ, ಕೆಲವೊಮ್ಮೆ ಹಸಿರಾದ, ಒಂದರೊಳಗೊಂದು ಸುತ್ತಿಕೊಂಡ ಎರಡು ಬಾಣಗಳ ಗುರುತಿರುತ್ತದೆ, ಅದರ ಹೆಸರೂ ‘ಹಸಿರು ಚುಕ್ಕೆ’ ಎಂದೇ. ಅದು ಪೊಟ್ಟಣದ ಕಸದ ವಿಲೇವಾರಿಗೆ ಸಂಬಂಧಪಟ್ಟದ್ದು. ಹಂದಿಮಾಂಸದ ಸಾಸೇಜಿನ ಮೇಲೂ ಇರಬಹುದು. ನೀವು ಹುಡುಕಬೇಕಾದದ್ದು ಎಲೆಯಂತೆ ಬರೆದ ‘ವಿ’ ಅಕ್ಷರದ ಗುರುತನ್ನು ಅಥವಾ ವೆಗೆಟಾರಿಶ್, ವೇಗಾನ್ ಎಂಬ ಪದವನ್ನು.

ಎರಡನೆಯ ತಪ್ಪು ದಪ್ಪ ಅಕ್ಷರಗಳನ್ನು ಮಾತ್ರ ಓದುವುದು. ಯುರೋಪಿನ ನಿಯಮದಂತೆ ಚೀಟಿಯಲ್ಲಿ ಎದ್ದು ಕಾಣಿಸುವುದು ಅಲರ್ಜಿ ತರುವ ಹದಿನಾಲ್ಕು ಬಗೆಯ ಪದಾರ್ಥಗಳು, ಅಂದರೆ ಗೋಧಿ, ಹಾಲು, ಮೊಟ್ಟೆ, ಮೀನು, ಎಳ್ಳು, ಸಾಸಿವೆ ಮುಂತಾದವು. ಮಾಂಸ ಆ ಪಟ್ಟಿಯಲ್ಲಿಲ್ಲ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಗೆಲಾಟೀನೆ, ಹಂದಿಕೊಬ್ಬಾದ ಶ್ಮಾಲ್ಟ್ಸ್, ಉಪ್ಪು ಹಚ್ಚಿದ ಹಂದಿಮಾಂಸವಾದ ಷ್ಪೆಕ್, ದನದ ಮಾಂಸ ಬೇಯಿಸಿದ ನೀರಾದ ರಿಂಡರ್‌ಬ್ರ್ಯೂಹೆ, ಚೀಸಿಗಾಗಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆಯುವ ಲಾಬ್, ಇವೆಲ್ಲ ಸಾಮಾನ್ಯ ಅಕ್ಷರದಲ್ಲಿಯೇ ಅಡಗಿರುತ್ತವೆ. ಡಬ್ಬಿಯ ಬೇಳೆ ಸೂಪಿನಲ್ಲಿ ಷ್ಪೆಕ್, ಆಲೂಗಡ್ಡೆ ಸಲಾಡಿನಲ್ಲಿ ಮಾಂಸದ ನೀರು, ಜೆಲ್ಲಿ ಮಿಠಾಯಿಯಲ್ಲಿ ಗೆಲಾಟೀನೆ, ದಕ್ಷಿಣದ ಕೆಲವು ಬ್ರೆತ್ಸೆಲ್ ಎಂಬ ಗಂಟು ಹಾಕಿದಂಥ ಬ್ರೆಡ್ಡುಗಳಲ್ಲಿ ಶ್ಮಾಲ್ಟ್ಸ್ ಇರುವುದು ಅಪರೂಪವಲ್ಲ. ಚೀಸಿನ ವಿಚಾರದಲ್ಲಿ ಕಟ್ಟುನಿಟ್ಟಾದವರು ‘ಮಿಕ್ರೋಬಿಯೆಲ್ಲೆಸ್ ಲಾಬ್’ (ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದು) ಎಂದು ಬರೆದಿರುವುದನ್ನು ಕೊಳ್ಳಬೇಕು, ಪಾರ್ಮೆಸಾನನ್ನು ಬಿಡಬೇಕು. ಇದಕ್ಕೆ ವಿರುದ್ಧವಾಗಿ, ಪಿಜ್ಜಾದ ಪಟ್ಟಿಯಲ್ಲಿ ಪೆಪೆರೋನಿ ಎಂದಿದ್ದರೆ ಹೆದರಬೇಕಿಲ್ಲ. ಜರ್ಮನ್ನಿನಲ್ಲಿ ಅದು ಮೆಣಸಿನಕಾಯಿ.

ಈ ಐದಾರು ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಫೋನಿನ ಕ್ಯಾಮೆರಾ ಅನುವಾದ ಉಪಯುಕ್ತವೇ, ಆದರೆ ಅಂಗಡಿಯ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಹಂತ 5: ಪಕ್ಕದ ಸೂಪರ್ ಮಾರ್ಕೆಟ್ಟಿನಲ್ಲಿ ಮೂಲ ಸಾಮಾನು

ಆಲ್ಡಿ, ಲಿಡ್ಲ್, ರೆವೆ, ಎಡೆಕಾ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ನಮ್ಮ ಸಾಮಾನಿನ ಹೆಸರನ್ನು ಹುಡುಕುವುದರ ಬದಲು ಅದರ ಗುಣವನ್ನು ಹುಡುಕಬೇಕು.

ಹಿಟ್ಟು. ಪೊಟ್ಟಣದ ಮೇಲೆ 405, 550, 1050 ಎಂಬ ಅಂಕಿಗಳಿರುತ್ತವೆ. ನೂರು ಗ್ರಾಂ ಹಿಟ್ಟನ್ನು ಸುಟ್ಟರೆ ಸುಮಾರು ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಎಂಬುದು ಆ ಅಂಕಿಯ ಅರ್ಥ. ಅಂಕಿ ದೊಡ್ಡದಾದಷ್ಟೂ ಹಿಟ್ಟಿನಲ್ಲಿ ತೌಡು ಹೆಚ್ಚು. ಎಲ್ಲಕ್ಕಿಂತ ಅಗ್ಗವಾಗಿ, ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿರುವ 405 ನಮ್ಮ ಮೈದಾಹಿಟ್ಟಿಗೆ ಸಮ. ನಾನು ಬಂದ ಮೊದಲ ವಾರ ಅದರಲ್ಲಿಯೇ ಚಪಾತಿ ಮಾಡಿದ್ದೆ. ಲಟ್ಟಿಸುವಾಗ ಮಕ್ಕಳ ಬಲೂನಿನಂತೆ ಹಿಂದಕ್ಕೆ ಕುಗ್ಗಿತು, ತವೆಯ ಮೇಲೆ ಚೆಂದವಾಗಿಯೇ ಉಬ್ಬಿತು, ತಟ್ಟೆಗೆ ಬಂದು ಹತ್ತು ನಿಮಿಷವಾಗುವಷ್ಟರಲ್ಲಿ ಎರಡೂ ಕೈಯಿಂದ ಹರಿಯಬೇಕಾಯಿತು. ಅಂಕಿಯಿಲ್ಲದೆ ಫೋಲ್‌ಕೋರ್ನ್ ಎಂದು ಬರೆದಿರುವುದು ತೌಡು ಸಹಿತವಾದ ಇಡೀ ಗೋಧಿಯ ಹಿಟ್ಟು, ಆದರೆ ಬರೀ ಅದರಲ್ಲಿ ಮಾಡಿದರೆ ಚಪಾತಿಯ ಅಂಚು ಒಡೆಯುತ್ತದೆ. ಅರ್ಧ ಫೋಲ್‌ಕೋರ್ನ್, ಅರ್ಧ 550 ಸೇರಿಸಿ, ಬಿಸಿನೀರಿನಲ್ಲಿ ಸಡಿಲವಾಗಿ ಕಲಸಿ, ಅರ್ಧ ಗಂಟೆ ಮುಚ್ಚಿಡಿ. ರೋಗೆನ್ ಎಂದಿರುವ ಹಿಟ್ಟು ರೈ ಧಾನ್ಯದ್ದು. ಅದು ಕೈಗೆ ಅಂಟಿಕೊಳ್ಳುತ್ತದೆ, ಚಪಾತಿಗೆ ಬೇಡ.

ರವೆ. ಗ್ರೀಸ್ ಎಂದರೆ ರವೆ. ವೈಶ್‌ವೈತ್ಸೆನ್ ಎಂದಿರುವುದು ಮೆತ್ತನೆಯ ಗೋಧಿಯದು, ಮಕ್ಕಳ ಗಂಜಿಗೆ ಸರಿ, ಉಪ್ಪಿಟ್ಟು ಮಾಡಿದರೆ ಮುದ್ದೆಯಾಗುತ್ತದೆ. ಹಾರ್ಟ್‌ವೈತ್ಸೆನ್ ಎಂದಿರುವ ಹಳದಿ ರವೆ ನಮ್ಮ ಬನ್ಸಿ ರವೆಯ ಜಾತಿಯದು. ಚೆನ್ನಾಗಿ ಹುರಿದು, ಒಂದಕ್ಕೆ ಎರಡೂವರೆ ಅಳತೆ ನೀರು ಹಾಕಿದರೆ ಉಪ್ಪಿಟ್ಟು ಉದುರುದುರಾಗಿ ಬರುತ್ತದೆ.

ಅಕ್ಕಿ. ಕೋಖ್‌ಬಾಯ್ಟೆಲ್ ಎಂಬ ತೂತುಗಳಿರುವ ಪ್ಲಾಸ್ಟಿಕ್ ಚೀಲದ ಅಕ್ಕಿಯನ್ನು ಕೊಳ್ಳಬೇಡಿ. ನೀರಿನಲ್ಲಿ ಚೀಲ ಸಮೇತ ಕುದಿಸುವ ಆ ಅಕ್ಕಿಗೆ ನೀವು ಹಣ ಕೊಡುವುದು ಚೀಲಕ್ಕಾಗಿ. ಸಾರಿನೊಡನೆ ಕಲಸಿ ಉಣ್ಣಲು ಬಾಸ್ಮತಿಗಿಂತ ಜಾಸ್ಮಿನ್ ಅಕ್ಕಿ ಮೇಲು, ಕೈಗೆ ಮೆತ್ತಗೆ ಸಿಗುತ್ತದೆ. ಹಾಲಿನಲ್ಲಿ ಬೇಯಿಸಲೆಂದು ಮಾರುವ ದುಂಡನೆಯ ಮಿಲ್ಶ್‌ರೈಸ್ ಮೊಸರನ್ನಕ್ಕೂ ಪೊಂಗಲಿಗೂ ಹೇಳಿ ಮಾಡಿಸಿದಂತಿದೆ, ಪುಳಿಯೋಗರೆಗೆ ಮಾತ್ರ ಸಲ್ಲದು.

ಬೇಳೆ. ರೋಟೆ ಲಿನ್ಸೆನ್ ಎಂದರೆ ಮಸೂರ್ ಬೇಳೆ. ಹದಿನೈದು ನಿಮಿಷದಲ್ಲಿ, ಕುಕ್ಕರ್ ಇಲ್ಲದೆಯೂ ಬೇಯುತ್ತದೆ; ನಿಮ್ಮ ಊರಿನ ಸಾರಿನಪುಡಿ ಬಿದ್ದರೆ ವಾರದ ನಾಲ್ಕು ದಿನದ ಸಾರಿಗೆ ಅದೇ ಸಾಕು. ಹಳದಿ ಬಣ್ಣ ನೋಡಿ ತೊಗರಿಬೇಳೆಯೆಂದೋ ಕಡಲೆಬೇಳೆಯೆಂದೋ ತರುವ ಗೆಲ್ಬೆ ಷೇಲ್‌ಎರ್ಬ್ಸೆನ್ ಎಂಬುದು ವಾಸ್ತವವಾಗಿ ಬಟಾಣಿ ಬೇಳೆ. ಅದರ ಸಾಂಬಾರು ಹಸಿಹಸಿಯಾಗಿ ವಾಸನೆ ಹೊಡೆಯುತ್ತದೆ.

ಜೀರಿಗೆ. ಹೆಚ್ಚು ಜನ ಎಡವುವುದು ಇಲ್ಲಿಯೇ. ಕ್ಯುಮ್ಮೆಲ್ ಎಂದರೆ ಜೀರಿಗೆಯಲ್ಲ, ಇಲ್ಲಿಯವರು ಎಲೆಕೋಸಿಗೂ ಬ್ರೆಡ್ಡಿಗೂ ಹಾಕುವ ಬೇರೊಂದು ಕಾಳು. ಕ್ರೊಯ್ತ್ಸ್‌ಕ್ಯುಮ್ಮೆಲ್ ಎಂಬುದೇ ಜೀರಿಗೆ. ಎರಡೂ ಡಬ್ಬಿಗಳು ಅಕ್ಕಪಕ್ಕದಲ್ಲಿಯೇ ಇರುತ್ತವೆ. ಕ್ಯುಮ್ಮೆಲ್ ಕಾಳು ಕಡುಗಂದು, ಕುಡುಗೋಲಿನಂತೆ ಬಾಗಿರುತ್ತದೆ. ಜೀರಿಗೆ ತಿಳಿಗಂದು, ನೆಟ್ಟಗಿರುತ್ತದೆ. ತಪ್ಪಾಗಿ ತಂದರೆ ಒಗ್ಗರಣೆಯಲ್ಲಿ ಸೋಂಪೂ ಪುದೀನವೂ ಸೇರಿದಂಥ ವಾಸನೆ ಏಳುತ್ತದೆ, ಆ ಸಾರನ್ನು ಏನು ಮಾಡಿದರೂ ಸರಿಪಡಿಸಲಾಗದು. ಇಲ್ಲಿ ಸಿಗುವ ಸಾಸಿವೆ ಹಳದಿಯದು, ದಪ್ಪ ಕಾಳಿನದು, ಸಿಡಿದರೂ ಘಮವಿಲ್ಲ. ಅದಕ್ಕಾಗಿಯೇ ಕಪ್ಪು ಸಾಸಿವೆಯನ್ನು ಊರಿನಿಂದ ತರಲು ಹೇಳಿದ್ದು. ಗಸಗಸೆ ಬೂದುನೀಲಿ ಬಣ್ಣದ್ದು, ಮೋನ್ ಎಂಬ ಹೆಸರಿನಲ್ಲಿ ಕೇಕಿನ ಸಾಮಾನುಗಳ ಜೊತೆ ಇರುತ್ತದೆ. ಪಾಯಸ ಬೂದುಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಬಿಟ್ಟರೆ ರುಚಿಗೆ ಕೊರತೆಯಿಲ್ಲ.

ಹಾಲು, ಮೊಸರು, ತುಪ್ಪ. ಕ್ವಾರ್ಕ್ ನೋಡಲು ಗಟ್ಟಿ ಮೊಸರಿನಂತಿದ್ದರೂ ಅದು ನೀರು ಬಸಿದ ಹುಳಿಗಿಣ್ಣು. ಅನ್ನಕ್ಕೆ ಕಲಸಿದರೆ ಗಂಟಲಿನಲ್ಲಿ ನಿಲ್ಲುತ್ತದೆ. ನಾಟುವರ್‌ಯೋಗುರ್ಟ್ ಎಂದು ಬರೆದಿರುವ, 3.5 ಶೇಕಡಾ ಕೊಬ್ಬಿನ ಡಬ್ಬಿ ನಮ್ಮ ಮೊಸರು. ‘ಮಿಲ್ಡ್’ ಎಂದಿದ್ದರೆ ಹುಳಿ ಕಡಿಮೆ. ಹೆಪ್ಪಿಗೆ ಅದೇ ಡಬ್ಬಿಯ ಒಂದು ಚಮಚ ಸಾಕು: ಬೆರಳು ತಡೆಯುವಷ್ಟು ಬಿಸಿಯಾದ ಹಾಲಿಗೆ ಬೆರೆಸಿ, ಟವೆಲಿನಲ್ಲಿ ಸುತ್ತಿ, ರೂಮ್ ಹೀಟರಿನ ಹತ್ತಿರ ರಾತ್ರಿಯಿಡೀ ಇಡಿ. ಮಜ್ಜಿಗೆಗೆ ಬುಟ್ಟರ್‌ಮಿಲ್ಶ್ ನೇರವಾಗಿ ಆಗುತ್ತದೆ. ತುಪ್ಪದ ಬದಲು ಬುಟ್ಟರ್‌ಶ್ಮಾಲ್ಟ್ಸ್ ಸಿಗುತ್ತದೆ. ಹೆಸರಿನಲ್ಲಿ ಶ್ಮಾಲ್ಟ್ಸ್ ಇದ್ದರೂ ಅದು ಬೆಣ್ಣೆ ಕಾಯಿಸಿದ್ದೇ, ಹಂದಿಕೊಬ್ಬಲ್ಲ. ಬೆಣ್ಣೆ ತಂದು ಮನೆಯಲ್ಲಿ ಕಾಸಿದರೆ ಘಮ ಇನ್ನೂ ಮೇಲು.

ಹಂತ 6: ತುರ್ಕಿ ಅಂಗಡಿಯಲ್ಲಿ ಸೊಪ್ಪು ತರಕಾರಿ

ಸೂಪರ್ ಮಾರ್ಕೆಟ್ಟಿನಲ್ಲಿ ನಾಲ್ಕು ಎಸಳಿನ ಪೊಟ್ಟಣವಾಗಿ ಮಾರುವ ಕೊತ್ತಂಬರಿ ತುರ್ಕಿ ಅಂಗಡಿಯಲ್ಲಿ ದೊಡ್ಡ ಕಟ್ಟಾಗಿ ಸಿಗುತ್ತದೆ. ಅದರ ಪಕ್ಕದಲ್ಲಿ ಅದೇ ಆಕಾರದ ಪಾರ್ಸ್ಲಿ ಇರುತ್ತದೆ. ಎಲೆಯನ್ನು ಬೆರಳಲ್ಲಿ ಹಿಸುಕಿ ಮೂಸದೆ ಕೊಳ್ಳಬೇಡಿ. ಬೆಂಡೆಕಾಯಿ, ಬದನೆಕಾಯಿ, ಪುದೀನ, ಹಸಿಮೆಣಸಿನಕಾಯಿ, ಐದು ಕಿಲೋ ಈರುಳ್ಳಿ, ಕಾಬೂಲಿ ಕಡಲೆ, ಎಲ್ಲವೂ ಇಲ್ಲಿ ದೊರೆಯುತ್ತವೆ. ಹಸಿಮೆಣಸಿನಕಾಯಿ ಉದ್ದವಾದಷ್ಟೂ ಸಪ್ಪೆ ಎಂಬುದು ನೆನಪಿರಲಿ. ಸಣ್ಣ ಅಂಗಡಿಗಳು ಕಾರ್ಡು ತೆಗೆದುಕೊಳ್ಳದಿರಬಹುದು, ಇಪ್ಪತ್ತು ಯೂರೋ ನಗದು ಇಟ್ಟುಕೊಂಡು ಹೋಗಿ.

ಜರ್ಮನ್ ತರಕಾರಿಯಲ್ಲಿಯೂ ನಮ್ಮವು ಹಲವಿವೆ. ಕೋಲ್‌ರಾಬಿ ನಮ್ಮ ನವಿಲುಕೋಸೇ, ಹುಳಿಗೆ ಚೆನ್ನ. ಮಾಂಗೋಲ್ಡ್ ಸೊಪ್ಪು ಬಸ್ಸಾರಿಗೆ ಹೊಂದುತ್ತದೆ. ಹೊಕ್ಕೈಡೋ ಎಂಬ ಕಿತ್ತಳೆ ಬಣ್ಣದ ಸಣ್ಣ ಕುಂಬಳಕಾಯಿಯ ಸಿಪ್ಪೆಯೂ ಬೇಯುವುದರಿಂದ ಹೆರೆಯುವ ಶ್ರಮವಿಲ್ಲ. ಹೀರೆಕಾಯಿಯ ಜಾಗದಲ್ಲಿ ತ್ಸುಕೀನಿ ಪಲ್ಯ ಮಾಡುವಾಗ ನೀರು ಹಾಕಲೇಬಾರದು. ಪಾಪ್ರಿಕಾ ಎಂದು ಕೇಳಿದರೆ ಕೊಡುವುದು ದೊಣ್ಣೆಮೆಣಸಿನಕಾಯಿ.

ಹಂತ 7: ಈಗ ಭಾರತೀಯ ಅಂಗಡಿ

ಇಷ್ಟಾದ ಮೇಲೆ ಉಳಿಯುವ ಪಟ್ಟಿ ಚಿಕ್ಕದು: ತೊಗರಿಬೇಳೆ, ಉದ್ದಿನಬೇಳೆ, ಇಡ್ಲಿ ಅಕ್ಕಿ, ಅವಲಕ್ಕಿ, ರಾಗಿಹಿಟ್ಟು, ಹುಣಸೆಹಣ್ಣು, ಫ್ರೀಜರಿನ ಕಾಯಿತುರಿ, ಕರಿಬೇವು. ಕರಿಬೇವನ್ನು ತಂದ ದಿನವೇ ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಎಸಳು ಬಿಡಿಸಿ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ಒಗ್ಗರಣೆಗೆ ಕರಗಿಸದೆ ನೇರವಾಗಿ ಹಾಕಬೇಕು. ಅಕ್ಕಿರೊಟ್ಟಿಗೆ ಏಷ್ಯನ್ ಅಂಗಡಿಯ ಅಕ್ಕಿಹಿಟ್ಟು ತರುವವರು ಅದು ಅಂಟಕ್ಕಿಯ ಹಿಟ್ಟಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು, ಎರಡೂ ಒಂದೇ ಬಗೆಯ ಪೊಟ್ಟಣದಲ್ಲಿರುತ್ತವೆ. ಅಂಟಕ್ಕಿಯಲ್ಲಿ ತಟ್ಟಿದ ರೊಟ್ಟಿ ತವೆಯನ್ನು ಬಿಟ್ಟು ಏಳುವುದಿಲ್ಲ.

ಬೇಳೆಯನ್ನೂ ಹಿಟ್ಟನ್ನೂ ಪೊಟ್ಟಣದಲ್ಲಿಯೇ ಬಿಡದೆ ಬಿಗಿ ಮುಚ್ಚಳದ ಡಬ್ಬಿಗೆ ಸುರಿಯಿರಿ. ಪೊಟ್ಟಣದ ಮೂಲೆಯಲ್ಲಿ ಜೇಡರಬಲೆಯಂಥ ಎಳೆ ಕಂಡರೆ ಅದು ದಿನಸಿಯ ಪತಂಗದ ಹುಳು; ಆ ಪೊಟ್ಟಣವನ್ನು ಚೀಲದಲ್ಲಿ ಕಟ್ಟಿ ಅಂದೇ ಹೊರಗೆ ಹಾಕಿ, ಇಲ್ಲವಾದರೆ ಜೊತೆಯಲ್ಲಿರುವವರ ಪಾಸ್ತಾವನ್ನೂ ಹಿಡಿಯುತ್ತದೆ. ಆಮೇಲೆ ಅವರೊಡನೆ ಮಾತು ಕಷ್ಟ.

ಹಂತ 8: ದೋಸೆ ಹಿಟ್ಟನ್ನು ಚಳಿಯಲ್ಲಿ ಹುದುಗಿಸುವುದು

ಇದನ್ನು ಮೊದಲ ವಾರ ಮಾಡಬೇಡಿ. ಮೊದಲ ಮೂರು ವಾರ ಅನ್ನ, ಸಾರು, ಪಲ್ಯ, ಉಪ್ಪಿಟ್ಟು ಸರಿಯಾಗಿ ಬರಲಿ. ಮಧ್ಯಾಹ್ನಕ್ಕೆ ವಿಶ್ವವಿದ್ಯಾಲಯದ ಮೆನ್ಸಾ ಎಂಬ ಕ್ಯಾಂಟೀನಿನಲ್ಲಿ ಸಸ್ಯಾಹಾರದ ಗುರುತಿರುವ ಊಟ ಸಿಗುತ್ತದೆ, ಚಟ್ನಿಪುಡಿಯ ಪುಟ್ಟ ಡಬ್ಬಿ ಚೀಲದಲ್ಲಿದ್ದರೆ ಅದೂ ಇಳಿಯುತ್ತದೆ. ಸತತ ಹತ್ತು ದಿನ ಬ್ರೆಡ್ಡು ತಿಂದು ಹೊಟ್ಟೆ ಕಟ್ಟಿಕೊಂಡಿದ್ದರೆ, ತೂಕ ಇಳಿಯುತ್ತಿದ್ದರೆ, ದೋಸೆಯ ಆಸೆ ಬಿಟ್ಟು ಮೊದಲು ಸೊಪ್ಪು, ಕಾಳು, ಮಜ್ಜಿಗೆಗೆ ಹಿಂದಿರುಗಿ.

ಊರಿನಲ್ಲಿ ಎಂಟು ಗಂಟೆಯಲ್ಲಿ ಉಬ್ಬುವ ಹಿಟ್ಟಿಗೆ ನವೆಂಬರಿನ ಅಡುಗೆಮನೆಯಲ್ಲಿ ಹದಿನಾರರಿಂದ ಇಪ್ಪತ್ತು ಗಂಟೆ ಹಿಡಿಯುತ್ತದೆ. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕಿ, ರುಬ್ಬುವಾಗ ಉಗುರುಬೆಚ್ಚಗಿನ ನೀರು ಬಳಸಿ, ಕೈಯಿಂದಲೇ ಚೆನ್ನಾಗಿ ಕಲಸಿ. ಪಾತ್ರೆಯನ್ನು ಓವನ್ನಿನೊಳಗಿಟ್ಟು ಕಾವು ಹಾಕದೆ ದೀಪವನ್ನಷ್ಟೇ ಹೊತ್ತಿಸಿ. ಆ ದೀಪದ ಬಿಸಿಯೇ ಸಾಕು. ಓವನ್ ಬಾಗಿಲಿಗೆ ‘ಒಳಗೆ ಹಿಟ್ಟಿದೆ’ ಎಂದು ಜರ್ಮನ್ನಿನಲ್ಲಿ ಚೀಟಿ ಅಂಟಿಸಿ. ನಾನು ಅಂಟಿಸದ ಒಂದು ರಾತ್ರಿ ಪಕ್ಕದ ಕೋಣೆಯವರು ಪಿಜ್ಜಾಕ್ಕಾಗಿ 220 ಡಿಗ್ರಿಗೆ ತಿರುಗಿಸಿದ್ದರು. ಮುಚ್ಚಳ ಕರಗಿ ಹಿಟ್ಟಿನ ಮೇಲೆ ಕೂತಿತ್ತು.

ಹಿಟ್ಟು ಮೇಲೇರಿ, ಒಳಗೆ ಜೇನುಗೂಡಿನಂತೆ ತೂತುಗಳಾಗಿ, ಹುಳಿವಾಸನೆ ಬಂದಿದ್ದರೆ ಆಗಿದೆ ಎಂದರ್ಥ. ಇಪ್ಪತ್ತು ಗಂಟೆಯಾದರೂ ಏಳದಿದ್ದರೆ ಇಡ್ಲಿ ಬೇಡ, ಈರುಳ್ಳಿ ಹೆಚ್ಚಿ ಹಾಕಿ ಊತಪ್ಪ ಹೊಯ್ಯಿರಿ. ಮೇಲೆ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಕಲೆಯೋ ಬೂಷ್ಟೋ ಕಂಡರೆ ಅದನ್ನಷ್ಟೇ ತೆಗೆದು ಉಳಿದದ್ದನ್ನು ಬಳಸುವ ಲೆಕ್ಕ ಹಾಕದೆ ಪೂರ್ತಿ ಚೆಲ್ಲಿಬಿಡಿ, ಪಾತ್ರೆಯನ್ನು ಕುದಿಯುವ ನೀರಿನಲ್ಲಿ ತೊಳೆಯಿರಿ.